ಬಾಕಿ ಉಳಿದಿದ್ದ ಮೂರನೇ ಕೂಗು

ಒಂದೇ ಮೇಣದಬತ್ತಿ ಸಾಕು ಪ್ರಿಯಂವದಾ, ಇನ್ನೊಂದು ಹಚ್ಚಬೇಡ. ನಾಳೆಗೂ ಕರೆಂಟ್ ತೆಗೀತಾರಂತೆ. ಅಮಿತ್, ನೀನು ಆ ಲ್ಯಾಪ್‌ಟಾಪ್ ಮುಚ್ಚಪ್ಪ, ಕಣ್ಣಿಗೆ ಹೊಡೀತಿದೆ. ನೈರೋಬಿಗೆ ಬಂದು ಇನ್ನೂ ತಿಂಗಳಾಗಿಲ್ಲ ನೀವಿಬ್ಬರೂ. ಊಟ ಆದ್ಮೇಲೆ ಒಬ್ಬನೇ ಆ ದೊಡ್ಡ ಮರದ ತನಕ ವಾಕಿಂಗ್ ಹೋಗಿ ಬರ್ತೀನಿ ಅಂದೆಯಲ್ಲ... ಹೋಗು. ಬೇಡ ಅನ್ನಲ್ಲ. ಇದೊಂದು ಕೇಳಿಸ್ಕೊಂಡು ಹೋಗು.

ನೋಡಿ, ನಮ್ಮೆಜಮಾನರು ಆಗಲೇ ಮುಖ ಸಿಂಡರಿಸಿದರು. ಸುಮತಿ ಶುರು ಹಚ್ಚಿಕೊಂಡಳು ಅಂತ. ರೀ, ಆವತ್ತು ನೀವೂ ಇದ್ದಿರಿ. ನಾನು ಒಂದು ಮಾತು ಜಾಸ್ತಿ ಹೇಳಿದರೆ ಅಲ್ಲೇ ತಡೀರಿ.

ಇದು ಎರಡು ಸಾವಿರದ ಆರರ ಮಾತು. ಆಗಲೂ ನಾವು ಲೊರೆಶೋದಲ್ಲೇ, ಇದೇ ರಸ್ತೆಯಲ್ಲೇ ಇದ್ವಿ, ಮನೆ ಮಾತ್ರ ಬೇರೆ. ನಮ್ಮ ಬೇಲಿಯಾಚೆಯ ಮನೆಯಲ್ಲಿ ಜಾಯ್ಸನ್ ಪಿಂಟೊ ಅಂತ ಒಬ್ಬ ಹುಡುಗ, ಅವನ ತಾಯಿ ಮೇರಿ ಬಾಯಿ. ಉಳ್ಳಾಲದ ಕಡೆಯವರು. ಹೆಂಡತಿ ಆಂಜೆಲಾ ಹೆರಿಗೆಗೆ ಅಂತ ಮಂಗಳೂರಿಗೆ ಹೋಗಿದ್ದಳು. ಜಾಯ್ಸನ್‌ಗೆ ಏರ್‌ಪೋರ್ಟ್ ದಾರಿಯಲ್ಲಿ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರ್ ಕೆಲಸ. ಮೀನು, ಮಾಂಸ ಇಡೋ ಜಾಗ. ಒಳ್ಳೆಯವನು, ಸ್ವಲ್ಪ ಪುಕ್ಕಲ.

ಒಂದಿನ ಅವನು ಬರೋದು ತಡ ಆಯ್ತು. ಮಟಾಟು, ಅದೇ ಬಾಡಿಗೆ ವ್ಯಾನು, ಇಳಿದು ಒಳಗೆ ನಡೆದು ಬರ್ತಿದ್ದಾನೆ. ಬೀದಿದೀಪ ಇಲ್ಲ. ಆ ಮರ ಇದೆಯಲ್ಲ, ಇಲ್ಲಿಯವರು ಮುಗುಮೊ ಅಂತಾರೆ, ನಮ್ಮ ಆಲದ ಜಾತಿದೇ, ಅದರ ಹತ್ತಿರ ಬಂದ. ಶೂ ಕೆಳಗೆ ಜಲ್ಲಿ ಚರ್ ಚರ್ ಅಂತಿತ್ತು, ಅಷ್ಟೇ. ಒಂದು ನಾಯಿ ಕೂಡ ಬೊಗಳ್ತಿರಲಿಲ್ಲ.

ಟಕ್... ಟಕ್.

ಮರಕ್ಕೆ ಮರ ತಾಗಿದ ಸದ್ದು. ಒಣ ಸದ್ದು. ಬಾಗಿಲ ಚೌಕಟ್ಟಿಗೆ ಯಾರೋ ಕೋಲಿನ ಗಂಟಿಂದ ಕುಟ್ಟಿದ ಹಾಗೆ. ರಸ್ತೆ ಮಧ್ಯದಲ್ಲಿ ಎಲ್ಲಿಯ ಬಾಗಿಲು?

ಆಮೇಲೆ ದನಿ. ಮುದುಕರ ದನಿ, ಕಫ ಕಟ್ಟಿದ್ದು. "ಜಾಯ್ಸನ್ ಲಾರೆನ್ಸ್ ಪಿಂಟೊ."

ಒಂದೇ ಸಲ...

ಲಾರೆನ್ಸ್ ಅಂದರೆ ಅವನ ಅಪ್ಪನ ಹೆಸರು. ಅಪ್ಪನ ಹೆಸರು ಸೇರಿಸಿ ಅವನನ್ನ ಕರೆಯೋರು ಈ ಊರಲ್ಲಿ ಯಾರೂ ಇರಲಿಲ್ಲ, ಒಂದು ಜಾಗ ಬಿಟ್ಟು. ಅವನು ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಇನ್ನೊಂದು ಕೂಗು ಬರುತ್ತಾ ಅಂತ ಕಾದ. ಬರಲಿಲ್ಲ. ಮನೆ ಸೇರೋ ಹೊತ್ತಿಗೆ ಶರ್ಟು ಹಿಂಡುವ ಹಾಗಾಗಿತ್ತು.

ತಾಯಿ ಮಗ ಮಾತಾಡೋದು ಕೊಂಕಣಿಯಲ್ಲಿ. ನಾನು ನನಗೆ ಬಂದ ಹಾಗೆ ಹೇಳ್ತೀನಿ. ಮೇರಿ ಬಾಯಿ ಮಗನ ಮುಖ ನೋಡಿದವಳೇ ದನಿ ತಗ್ಗಿಸಿ ಕೇಳಿದಳಂತೆ.

"ಎಷ್ಟು ಸಲ ಕರೆಯಿತು?"

"ಒಂದೇ ಸಲ."

"ನೀನು ಓಗೊಟ್ಟೆಯಾ?"

"ಇಲ್ಲ."

"ಹಾಗಾದ್ರೆ ಎಂತ ಆಗುವುದಿಲ್ಲ. ಊಟಕ್ಕೆ ಕೂತ್ಕೋ."

ಆ ಮನೆಯ ಪದ್ಧತಿ ನಿಮಗೆ ಹೇಳಬೇಕು. ಯಾರೇ ಕರೆಯಲಿ, ಮೂರನೇ ಸಲ ಕರೆಯೋ ತನಕ ಓಗೊಡಬಾರದು. ದೆವ್ವ ಒಂದು ಸಲ ಕರೆಯುತ್ತೆ, ಹೆಚ್ಚೆಂದರೆ ಎರಡು ಸಲ. ಮೂರು ಸಲ ಕರೆಯೋದು ಜೀವ ಇರೋ ಮನುಷ್ಯ ಮಾತ್ರ. ನಮ್ಮ ಅಜ್ಜಿಯೂ ಹೇಳ್ತಿದ್ದಳು ಇದನ್ನ, ರಾತ್ರಿ ಹೊತ್ತಿಗೆ ಮಾತ್ರ. ಆದರೆ ಮೇರಿ ಬಾಯಿಯ ಅಣ್ಣ ಒಬ್ಬ, ಮುಸ್ಸಂಜೆಯಲ್ಲಿ ಮೊದಲ ಕೂಗಿಗೇ "ಬಂದೆ" ಅಂತ ಹೇಳಿ ಹೊಳೆ ಕಡೆ ಹೋದವನು ವಾಪಸ್ ಬರಲಿಲ್ಲವಂತೆ. ಅವತ್ತಿಂದ ಅವರ ಮನೆಯಲ್ಲಿ ಹಗಲೂ ಅದೇ, ರಾತ್ರಿಯೂ ಅದೇ. ನಾನು ಬೇಲಿ ಮೇಲಿಂದ ಸಾರು ಕೊಡೋಕೆ ಕೂಗಿದರೂ ಮೂರು ಸಲ ಕೂಗಬೇಕು. ಮೇರಿ ಬಾಯಿ, ನನ್ನ ಸಾರು ಆರಿ ಹೋಯ್ತು, ನಾನು ಬದುಕೇ ಇದ್ದೀನಿ ಕಣಮ್ಮ ಅಂತ ಎಷ್ಟು ಸಲ ಬೈದಿದ್ದೀನೋ. ನಕ್ಕುಬಿಡೋಳು. "ನಮ್ಮದು ಹಾಗೆ ಮಾರಾಯ್ತಿ, ಎಂತ ಮಾಡುವುದು" ಅನ್ನೋಳು.

ಆದರೆ ಜಾಯ್ಸನ್ ಆವತ್ತು ಊಟ ಮಾಡಲಿಲ್ಲ. ಆ ದನಿ ಯಾರದ್ದು ಅಂತ ಅವನಿಗೆ ಗೊತ್ತಿತ್ತು. ಆ ದನಿಯವರು ಸತ್ತಿದ್ದನ್ನ ಅವನು ಕಣ್ಣಾರೆ ಕಂಡಿದ್ದ.

ಅದು ಹೇಗೆ ಅಂದ್ರೆ...

ಅದಕ್ಕೂ ಹಿಂದಿನ ವರ್ಷ ಅವನ ಕೋಲ್ಡ್ ಸ್ಟೋರೇಜಿಗೆ ಒಂದು ಕಂಟೇನರ್ ಮೀನು ಬಂತು. ಇಳಿಸೋವಾಗ ಒಂದು ಪೆಟ್ಟಿಗೆ ಬಿದ್ದು ಒಡೀತು. ಮಂಜುಗಟ್ಟಿದ ಮೀನಿನ ಹೊಟ್ಟೆಯೊಳಗೆ ಪ್ಲಾಸ್ಟಿಕ್ ಪೊಟ್ಟಣ. ಪೊಟ್ಟಣದಲ್ಲಿ ಬಿಳಿ ಪುಡಿ. ಡ್ರಗ್ಸು, ಇನ್ನೇನು. ಆ ಮಾಲನ್ನ ನೋಡೋಕೆ ಒಬ್ಬ ಮನುಷ್ಯ ಖುದ್ದಾಗಿ ಬಂದಿದ್ದ. ಒಳ್ಳೇ ಕೋಟು, ಒಳ್ಳೇ ಸೆಂಟು. ಜಾಯ್ಸನ್ ಭುಜ ತಟ್ಟಿ, ನೀನು ಏನೂ ನೋಡಿಲ್ಲ ಅಲ್ವಾ ಅಂತ ನಕ್ಕಿದ್ದ. ಅವನ ಹೆಸರು ಹೇಳಲ್ಲ. ಅವನ ಕಡೆಯವರು ಇವತ್ತಿಗೂ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಓಡಾಡ್ಕೊಂಡಿದ್ದಾರೆ. ಕೋಟಿನವನು ಅಂತಲೇ ಇಟ್ಕೊಳ್ಳಿ. ಈ ಪುಕ್ಕಲ ಹುಡುಗ ಏನು ಮಾಡಿದ ಗೊತ್ತಾ? ಹೂಂ ಅಂತ ತಲೆ ಆಡಿಸಿ, ಹೊರಗೆ ಬಂದು, ಕೋಲ್ಡ್ ರೂಮಿಗೆ ಬೀಗ ಜಡಿದು ಪೊಲೀಸಿಗೆ ಫೋನ್ ಮಾಡಿದ. ನಾನಾಗಿದ್ರೆ ಬಾಯಿ ಮುಚ್ಕೊಂಡು ಮನೆಗೆ ಬರ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ.

ಕೋಟಿನವನು ಸಿಕ್ಕಿಬಿದ್ದ. ಕೇಸು ಊರ ಹೊರಗಿನ ಒಂದು ಹಳೇ ಕೋರ್ಟಿಗೆ ಬಂತು. ತಗಡಿನ ಚಾವಣಿ, ಉದ್ದಕ್ಕೂ ಒಂದೇ ಪಡಸಾಲೆ. ಪಡಸಾಲೆಯ ಒಂದು ತುದಿಯಲ್ಲಿ ಜಮೀನು ದಾಖಲೆಗಳ ಕೋಣೆ, ಇನ್ನೊಂದು ತುದಿಯಲ್ಲಿ ಮುದ್ದೆಮಾಲು ಕೋಣೆ. ಆ ಪುಡಿಯೆಲ್ಲ ಅಲ್ಲೇ ಇತ್ತು.

ಆ ಕೋರ್ಟಿನಲ್ಲಿ ಹೆಸರು ಕೂಗೋ ಮುದುಕ ಒಬ್ಬರಿದ್ದರು. ಮ್ಜೀ ಎಲೈಜಾ. ಮ್ಜೀ ಅಂದರೆ ಹಿರಿಯರು ಅಂತ, ಇಲ್ಲಿ ಮರ್ಯಾದೆಗೆ ಹಾಗೆ ಕರೀತಾರೆ. ಖಾಕಿ ಅಂಗಿ, ಕೈಯಲ್ಲಿ ತುದಿಗಂಟಿನ ಗಿಡ್ಡ ಕೋಲು. ಬಾಗಿಲ ಚೌಕಟ್ಟಿಗೆ ಟಕ್ ಟಕ್ ಅಂತ ಕುಟ್ಟಿ, ಸಾಕ್ಷಿಯ ಪೂರ್ತಿ ಹೆಸರನ್ನ ಮೂರು ಸಲ ಕೂಗೋರು. ಮೂರಕ್ಕೂ ಉತ್ತರ ಬರದಿದ್ದರೆ ಸಾಕ್ಷಿ ಗೈರು. ಅದು ಕೋರ್ಟಿನ ಪದ್ಧತಿ.

ಕೇಸು ಸುಮಾರು ಸಲ ಮುಂದಕ್ಕೆ ಹೋಯ್ತು. ಹೋದಾಗೆಲ್ಲ ನಮ್ಮ ಜಾಯ್ಸನ್ ಮೂರನೇ ಕೂಗಿಗೇ ಏಳೋದು. ಅಭ್ಯಾಸಬಲ. ಮ್ಜೀಗೆ ರೇಗಿತು. ಕಿವಿ ಕೇಳಲ್ವಾ ನಿಂಗೆ ಅಂತ ಬೈದರು. ಇವನು ನಾಚ್ಕೊಂಡು ಅಮ್ಮನ ವಿಷಯ ಹೇಳಿದ. ಮುದುಕ ನಗ್ತಾ ನಗ್ತಾ ಕೆಮ್ಮಿದರಂತೆ. ನಮ್ಮ ಹಳ್ಳಿಯಲ್ಲೂ ಹೀಗೇ ಹೇಳೋರು ಅಂದರಂತೆ. ಆಮೇಲೆ ಅವನ ಮಂಡಿಗೆ ಕೋಲು ಮುಟ್ಟಿಸಿ ಒಂದು ಮಾತು ಹೇಳಿದರು.

"ಬೇರೆಯವರಿಗೆ ಬಿಟ್ಟರೂ ನಿನಗೆ ಮೂರನೇ ಕೂಗು ನಾನು ಬಿಡಲ್ಲ, ಹುಡುಗ."

ಈ ಮಾತು ಮನಸ್ಸಲ್ಲಿಟ್ಕೊಳ್ಳಿ.

ಮುಂದಿನ ವಾಯಿದೆಯ ದಿನ ಬೆಳಿಗ್ಗೆ ಪಡಸಾಲೆ ತುಂಬ ಜನ. ಜಾಯ್ಸನ್ ಬೆಂಚಿನ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಒಬ್ಬಳು ದಪ್ಪ ಹೆಂಗಸು, ಮೈಮೇಲೆ ದೊಡ್ಡ ಹೂವಿನ ಬಟ್ಟೆ ಹೊದ್ದಿದ್ದಳು, ಏನೋ ಜಮೀನಿನ ತಕರಾರಿಗೆ ಬಂದವಳು. ಒಳಗೆ ಮ್ಯಾಜಿಸ್ಟ್ರೇಟಮ್ಮ, ಸರ್ಕಾರಿ ವಕೀಲ, ಕಟಕಟೆಯಲ್ಲಿ ಕೋಟಿನವನು. ಮಾಲು ಹಿಡಿದ ಇನ್ಸ್‌ಪೆಕ್ಟರ್, ಕಸ್ಟಮ್ಸ್ ಆಫೀಸರ್, ಇಬ್ಬರೂ ಸಾಕ್ಷಿಗಳೇ, ಕಟಕಟೆ ಹತ್ತಿರವೇ ಕೂತಿದ್ದರು.

ಟಕ್ ಟಕ್. "ಜಾಯ್ಸನ್ ಲಾರೆನ್ಸ್ ಪಿಂಟೊ."

ಇವನು ಕೂತೇ ಇದ್ದ.

ಎರಡನೇ ಸಲ. "ಜಾಯ್ಸನ್ ಲಾರೆನ್ಸ್ ಪಿಂಟೊ." ಮ್ಜೀ ಇವನನ್ನೇ ನೋಡ್ತಾ ತುಟಿಯಲ್ಲೇ ನಗ್ತಿದ್ದರಂತೆ. ಮೂರನೇದಕ್ಕೆ ಬಾಯಿ ತೆಗೆದರು...

ಗೇಟಿನ ಹತ್ತಿರ ಢಮ್ ಅಂತು. ಕಿಟಕಿ ಗಾಜೆಲ್ಲ ಒಂದೇ ಸಲ ಒಳಗೆ ಬಂತು. ಕೋಸುಗಡ್ಡೆ ಚೀಲ ತುಂಬಿದ್ದ ಎರಡು ಪಿಕಪ್ ಗಾಡಿ ಒಳಗೆ ನುಗ್ಗಿದ್ದವು, ಚೀಲದ ಕೆಳಗೆ ಜನ. ತೋಳಿಗೆ ಹಸಿರು ಬಟ್ಟೆ ಕಟ್ಟಿದ್ದರು. ಕಾಡಲ್ಲಿದ್ದು ಜಮೀನಿಗೋಸ್ಕರ ಹೋರಾಡ್ತೀವಿ ಅನ್ನೋ ಗುಂಪು, ಪೇಪರಿನಲ್ಲಿ ಅವರ ವಿಷಯ ಬರ್ತಿತ್ತು. ಗೇಟಿನ ಪೊಲೀಸನ ಕಾಲು ಒಂದು ಕಡೆ, ಅವನು ಒಂದು ಕಡೆ. ಪಟ ಪಟ ಪಟ ಅಂತ ಗುಂಡು. ಭೂಮಿ ಭೂಮಿ ಅಂತ ಸ್ವಾಹಿಲಿಯಲ್ಲಿ ಕೂಗ್ತಾ ಪಡಸಾಲೆಗೆ ಬಂದರು. ಓಡಿದವರ ಬೆನ್ನಿಗೆ ಹೊಡೆದರು. ಕೂತವರ ತಲೆಗೆ ಹೊಡೆದರು. ಆ ದಪ್ಪ ಹೆಂಗಸು ಏಳೋಕೆ ಹೋದವಳು ಹಾಗೇ ಜಾಯ್ಸನ್ ಮೇಲೆ ಬಿದ್ದಳು. ಇಬ್ಬರೂ ಬೆಂಚಿನ ಕೆಳಗೆ. ಅವಳ ಬಟ್ಟೆ ಇವನ ಮುಖದ ಮೇಲೆ. ಅವಳ ಬಿಸಿ ರಕ್ತ ಇವನ ಕಿವಿಯೊಳಗೆ ಇಳೀತಿತ್ತಂತೆ... ಅವಳಿಗೆ ಜೀವ ಇನ್ನೂ ಇತ್ತು. ಸ್ವಲ್ಪ ಹೊತ್ತು ಇತ್ತು.

ಒಳಗೆ ಮ್ಯಾಜಿಸ್ಟ್ರೇಟಮ್ಮನನ್ನ ಕುರ್ಚಿಯಲ್ಲೇ ಮುಗಿಸಿದರು. ಇನ್ಸ್‌ಪೆಕ್ಟರ್, ಕಸ್ಟಮ್ಸಿನವನು, ವಕೀಲ, ಎಲ್ಲರೂ ಹೋದರು. ಕಟಕಟೆಯಲ್ಲಿದ್ದ ಕೋಟಿನವನಿಗೆ ಒಂದು ಗೀರು ಕೂಡ ಬೀಳಲಿಲ್ಲ. ಅವನು ಮೊದಲೇ ನೆಲಕ್ಕೆ ಮಲಗಿಬಿಟ್ಟಿದ್ದ. ಮುದ್ದೆಮಾಲು ಕೋಣೆಗೆ ಪೆಟ್ರೋಲ್ ಸುರಿದು ಬೆಂಕಿ ಕೊಟ್ಟರು. ಜಮೀನು ದಾಖಲೆ ಕೋಣೆಯ ಬೀಗವನ್ನ ಯಾರೂ ಮುಟ್ಟಲಿಲ್ಲ ಕಣ್ರೀ. ಜಮೀನಿಗೆ ಬಂದವರು ಆ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಅವರಲ್ಲಿ ಒಬ್ಬ ಪಡಸಾಲೆಗೆ ಬಂದ. ಹೆಣಗಳನ್ನ ಬೂಟಿನಿಂದ ತಿರುಗಿಸ್ತಾ ಬರ್ತಿದ್ದ. ಬೂಟು ರಕ್ತದಲ್ಲಿ ಪಚಕ್ ಪಚಕ್ ಅಂತಿತ್ತು. ಮ್ಜೀ ಎಲೈಜಾ ಬಾಗಿಲಿಗೆ ಒರಗಿ ಕೂತಿದ್ದರು, ಹೊಟ್ಟೆ ಹಿಡ್ಕೊಂಡು. ಬೆರಳ ಸಂದಿಯಿಂದ ಒಳಗಿರೋದೆಲ್ಲ ಹೊರಗೆ ಬರ್ತಿತ್ತು. ಅವನು ಅವರ ಮುಂದೆ ನಿಂತು ಕೇಳಿದ.

"ಜಾಯ್ಸನ್ ಲಾರೆನ್ಸ್ ಪಿಂಟೊ ಎಲ್ಲಿ?"

ಕಾಡಿನಿಂದ ಬಂದವನ ಬಾಯಲ್ಲಿ ಪೂರ್ತಿ ಹೆಸರು. ಅಪ್ಪನ ಹೆಸರು ಸಮೇತ.

ಮ್ಜೀ ಕಣ್ಣು ನೇರವಾಗಿ ಬೆಂಚಿನ ಕೆಳಗೆ ಬಂತು. ಬಟ್ಟೆಯ ಸಂದಿಯಲ್ಲಿ ಇವನ ಕಣ್ಣು ಅವರ ಕಣ್ಣು ಕೂಡಿತು. ಒಂದು ಮಾತು ಸಾಕಾಗಿತ್ತು. ಬೆರಳು ತೋರಿಸಿದ್ದರೂ ಸಾಕಿತ್ತು, ಬಹುಶಃ ಮುದುಕ ಬದುಕ್ತಿದ್ದರು.

"ಸಾಕ್ಷಿ ಬಂದಿಲ್ಲ," ಅಂದರು. "ಎರಡು ಸಲ ಕೂಗಿದೆ. ಇನ್ನೊಂದು ಬಾಕಿ ಇದೆ."

ಅವನು ಬಂದೂಕಿನ ಮೂತಿಯನ್ನ ಅವರ ಬಾಯೊಳಗೆ ಇಟ್ಟು ಹೊಡೆದ.

ನೀರು ಕುಡಿ ಪ್ರಿಯಂವದಾ... ಇನ್ನೂ ಇದೆ.

ಬಂದೂಕಿನವನು ಸಾಕ್ಷಿ ಬಂದಿಲ್ಲ ಅಂತ ನಂಬಿ ಬೆಂಚಿನ ಕೆಳಗೆ ಬಗ್ಗಿ ನೋಡದೇ ಹೋದ. ಜಾಯ್ಸನ್‌ನನ್ನ ಅಪ್ಪರ್ ಹಿಲ್‌ನ ಆಸ್ಪತ್ರೆಗೆ ಸೇರಿಸಿದ್ದರು. ಬೆನ್ನಲ್ಲಿ ಗಾಜಿನ ಚೂರು. ನಾನು ನೋಡೋಕೆ ಹೋದಾಗ ಪೇಪರಿನಲ್ಲೆಲ್ಲ ಒಂದೇ ಸುದ್ದಿ, ಜಮೀನು ಹೋರಾಟಗಾರರ ದಾಳಿ ಅಂತ. ಇವನು ಪೊಲೀಸರಿಗೆ ಒಂದೇ ಪ್ರಶ್ನೆ ಕೇಳ್ತಿದ್ದ. ಭೂಮಿ ಕೇಳೋಕೆ ಬಂದವರಿಗೆ ಉಳ್ಳಾಲದ ಲಾರೆನ್ಸನ ಮಗನ ಹೆಸರು ಯಾಕೆ ಬೇಕಿತ್ತು? ಪೊಲೀಸರು, ನೀನು ಶಾಕ್‌ನಲ್ಲಿದ್ದೀಯ, ಮಲಗು ಅಂದರು.

ಮನೆಗೆ ಬಂದ ಕೆಲವೇ ದಿನಕ್ಕೆ ಗೇಟಿನ ಮೇಲೆ ಒಂದು ಪೊಟ್ಟಣ ಸಿಕ್ಕಿಸಿತ್ತು. ಮೇರಿ ಬಾಯಿ ಬಿಚ್ಚಿದಳು. ಮಂಜುಗಟ್ಟಿದ ಮೀನು, ಹೊಟ್ಟೆ ಸೀಳಿದ್ದು. ಸುತ್ತಿದ್ದ ಬಟ್ಟೆ ಹಸಿರು. ಅದೇ ಹಸಿರು. ಬಂದೂಕು ಕಾಡಿನವರದ್ದು, ದುಡ್ಡು ಕೋಟಿನವನದ್ದು. ಅದನ್ನ ಬಚ್ಚಿಡೋ ಗೋಜಿಗೂ ಹೋಗಿರಲಿಲ್ಲ ಅವರು.

ಆಮೇಲೇ ಶುರುವಾಗಿದ್ದು ಆ ಕೂಗು. ಮೊದಲು ಮರದ ಹತ್ತಿರ, ಆಗಲೇ ಹೇಳಿದೆನಲ್ಲ. ಇನ್ನೊಂದು ರಾತ್ರಿ ಗೇಟಿನ ಹತ್ತಿರ. ಆಮೇಲೆ ಮನೆ ಜಗುಲಿಯಲ್ಲಿ. ಟಕ್ ಟಕ್, ಪೂರ್ತಿ ಹೆಸರು, ಒಂದೇ ಸಲ. ಪ್ರತಿ ಸಲವೂ ಸ್ವಲ್ಪ ಹತ್ತಿರ. ಜಗುಲಿಯದ್ದು ಮೇರಿ ಬಾಯಿಗೂ ಕೇಳಿಸಿತು. ಕಿಟಕಿಗೆಲ್ಲ ಜಪಮಾಲೆ ನೇತುಹಾಕಿದಳು, ಪವಿತ್ರ ನೀರು ಚಿಮುಕಿಸಿದಳು. ನಾನೂ ಸುಮ್ಮನಿರಲಿಲ್ಲ, ನಂಜನಗೂಡಿನ ವಿಭೂತಿ ಕೊಟ್ಟೆ. ಯೇಸುವಿನ ಫೋಟೋ ಹಿಂದೆ ಇಟ್ಕೊಂಡಳು ಪಾಪ. ಮಗನಿಗೆ ಮಾತ್ರ ದಿನಾ ಅದೇ ಮಾತು, ಒಂದು ಕೂಗಿಗೆ ಓಗೊಡಬೇಡ.

ಅಷ್ಟರಲ್ಲಿ ಕೇಸು ಮತ್ತೆ ನಿಗದಿಯಾಯ್ತು, ಸಿಟಿ ಒಳಗೆ ಬೇರೆ ಕೋರ್ಟಿನಲ್ಲಿ. ಮಾಲು ಸುಟ್ಟುಹೋಗಿತ್ತು, ಲ್ಯಾಬಿನಲ್ಲಿ ಒಂದು ಚಿಟಿಕೆ ಸ್ಯಾಂಪಲ್ ಇತ್ತು. ಸಾಕ್ಷಿಗಳಲ್ಲಿ ಉಳಿದವನು ಇವನೊಬ್ಬ. ಇವನು ನಿಂತು, ಮಾಲು ತಗೊಳ್ಳೋಕೆ ಬಂದವನು ಇವನೇ ಅಂತ ತೋರಿಸಿದರೆ ಕೋಟಿನವನು ಒಳಗೆ. ಹೆಸರು ಕೂಗಿದಾಗ ಇವನು ಇಲ್ಲದಿದ್ದರೆ ಅವನು ಮನೆಗೆ. ಇಷ್ಟೇ ಲೆಕ್ಕ.

ನಾವೆಲ್ಲ ಏನು ಹೇಳಿದ್ವಿ? ಊರು ಬಿಡು ಅಂದ್ವಿ. ನಾನೂ ಅಂದೆ, ಇವರೂ ಅಂದರು. ಆಂಜೆಲಾ ಫೋನಿನಲ್ಲಿ ಅತ್ತಳು, ಮಗು ಹುಟ್ಟಿದಾಗ ಅಪ್ಪ ಬೇಕು ಅಂತ. ಅವನೂ ಒಪ್ಪಿಕೊಂಡ. ಕೋರ್ಟಿನ ದಿನವೇ ನಸುಕಿನಲ್ಲಿ ಮುಂಬೈ ವಿಮಾನ, ಅಮ್ಮ ಮಗ ಇಬ್ಬರಿಗೂ. ರಾತ್ರಿಯೇ ಟ್ಯಾಕ್ಸಿ ಹೇಳಿಟ್ಟಿದ್ದ. ಹೊರಡೋ ಮುಂಚೆ ಬೇಲಿ ಹತ್ತಿರ ಬಂದು ನನಗೆ ಹೇಳಿದ.

"ಆಂಟಿ, ಆ ಮುದುಕ ನನ್ನನ್ನ ನೋಡಿದ್ರು. ನೋಡಿಯೂ ಇಲ್ಲ ಅಂದ್ರು."

ಮಲಕ್ಕೋ ಹೋಗು, ವಿಮಾನದಲ್ಲಿ ನಿದ್ದೆ ಬರಲ್ಲ ಅಂದೆ. ಎಂಥಾ ಮಾತು ನೋಡಿ.

ಆ ರಾತ್ರಿ ಮನೆ ಕಾವಲಿಗೆ ಹಾಕಿದ್ದ ಪೊಲೀಸ ಎಲ್ಲೋ ಹೋಗಿದ್ದ. ಹೋಗಿದ್ದನೋ, ಕಳಿಸಿದ್ದರೋ. ಗೇಟಿನಲ್ಲಿ ಅಸ್ಕರಿ ಮುಟುವಾ ಒಬ್ಬನೇ. ಅಸ್ಕರಿ ಅಂದರೆ ವಾಚ್‌ಮನ್, ಬ್ವಾನಾ ಅಂದರೆ ಸಾಹೇಬರು, ನೀವೂ ಕಲಿತಿರಬೇಕು ಇಷ್ಟು ಹೊತ್ತಿಗೆ. ಅಮ್ಮ ಮಗ ದೀಪ ಆರಿಸಿ, ಹಾಲಿನಲ್ಲಿ ಸೂಟ್‌ಕೇಸ್ ಇಟ್ಕೊಂಡು ಟ್ಯಾಕ್ಸಿಗೆ ಕಾಯ್ತಿದ್ದರು. ಅಡುಗೆಮನೆ ಹಿಂಬಾಗಿಲಿಗೆ ಮೇರಿ ಬಾಯಿ ಕೈಯಾರೆ ಚಿಲಕ ಹಾಕಿದ್ದಳು.

ಗೇಟು ಕಿರ್ರ್ ಅಂತು.

"ಬ್ವಾನಾ ಜಾಯ್ಸನ್." ಮುಟುವಾನ ದನಿ.

ಇಬ್ಬರೂ ಕೂತಲ್ಲಿಂದ ಏಳಲಿಲ್ಲ.

"ಬ್ವಾನಾ ಜಾಯ್ಸನ್."

ಮೇರಿ ಬಾಯಿ ಕತ್ತಲಲ್ಲೇ ಬೆರಳು ಮಡಚ್ತಿದ್ದಳಂತೆ.

"ಬ್ವಾನಾ ಜಾಯ್ಸನ್, ಟ್ಯಾಕ್ಸಿ."

ಮೂರಾಯ್ತು. ಮನುಷ್ಯರೇ. ಹೋಗು ಮಗಾ, ಬಾಗಿಲು ತೆಗಿ ಅಂದಳು. ಈ ಮೂರೂ ಕೂಗು ನನಗೂ ಕೇಳಿಸಿದವು. ನಾನು ಎಚ್ಚರವಾಗಿದ್ದೆ, ಪಾಪ ಹೊರಟರು ಅಂದ್ಕೊಂಡೆ. ಮುಟುವಾನ ದನಿ ಯಾಕೆ ಅಷ್ಟು ಸಣ್ಣಗಿದೆ ಅಂತ ನನಗೆ ಹೊಳೀಲಿಲ್ಲ. ಅವನ ಕುತ್ತಿಗೆ ಮೇಲೆ ಮಚ್ಚು ಇತ್ತು ಅಂತ ಆಮೇಲೆ ಗೊತ್ತಾಗಿದ್ದು.

ಜಾಯ್ಸನ್ ಒಂದು ಕೈಯಲ್ಲಿ ಸೂಟ್‌ಕೇಸ್ ಹಿಡಿದ. ಇನ್ನೊಂದು ಕೈ ಮುಂಬಾಗಿಲಿನ ಚಿಲಕದ ಮೇಲೆ. ಚಿಲಕ ಅರ್ಧ ಸರಿದಿದೆ...

ಟಕ್... ಟಕ್.

ಬೆನ್ನ ಹಿಂದೆ. ಅಡುಗೆಮನೆ ಕಡೆಯಿಂದ.

"ಜಾಯ್ಸನ್ ಲಾರೆನ್ಸ್ ಪಿಂಟೊ."

ಒಂದೇ ಸಲ.

ಮೇರಿ ಬಾಯಿ ಮಗನ ತೋಳು ಹಿಡಿದಳು. ಉಗುರು ಇಳಿಯೋ ಹಾಗೆ ಹಿಡಿದಳು. ಓಗೊಡಬೇಡ ಅಂತ ಪಿಸುಗುಟ್ಟಿದಳು. ಮುಂದೆ ಮೂರು ಸಲ ಕರೆದ ಗುರುತಿನ ದನಿ, ಟ್ಯಾಕ್ಸಿ, ವಿಮಾನ, ಹೆಂಡತಿ, ಹುಟ್ಟೋ ಮಗು. ಹಿಂದೆ ಒಂದೇ ಸಲ ಕರೆದ ಸತ್ತ ಮನುಷ್ಯ. ಹುಟ್ಟಿದಾಗಿಂದ ಅವನಿಗೆ ಕಲಿಸಿದ್ದು ಇದೊಂದನ್ನೇ ಅಲ್ವಾ, ಯಾವುದಕ್ಕೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಅಂತ. ಅವನು ಸೂಟ್‌ಕೇಸ್ ಕೆಳಗಿಟ್ಟ.

"ಅಮ್ಮ... ಇದು ಮೊದಲನೇ ಕೂಗಲ್ಲ. ಎರಡು ಕೋರ್ಟಿನಲ್ಲೇ ಕೂಗಿದ್ರು. ಇದು ಬಾಕಿ ಇದ್ದ ಮೂರನೇದು."

ಅಂದವನೇ, ಕತ್ತಲೆಗೆ ಮುಖ ಮಾಡಿ, ಕೋರ್ಟಿನಲ್ಲಿ ಹೇಳೋ ಹಾಗೆ ಗಟ್ಟಿಯಾಗಿ ಹೇಳಿದ.

"ನಿಪೋ, ಮ್ಜೀ." ಇದ್ದೀನಿ ಅಂತ.

ಅಮ್ಮನ ಕೈ ಹಿಡಿದು ಅಡುಗೆಮನೆಗೆ ಎಳ್ಕೊಂಡು ಹೋದ. ಅಲ್ಲಿ ಯಾರೂ ಇಲ್ಲ. ಹಿಂಬಾಗಿಲ ಚಿಲಕ ತೆಗೆದು ಹೊರಗೆ ಕಾಲಿಟ್ಟರು. ಅಷ್ಟೇ... ಮುಂಬಾಗಿಲಿಗೆ ಗುಂಡು ಬಿತ್ತು. ಒಂದಲ್ಲ, ಮಳೆ. ಬಾಗಿಲಿನ ನಡುಭಾಗ, ಇವನ ಎದೆ ಇರಬೇಕಾಗಿದ್ದ ಜಾಗ, ಪುಡಿಪುಡಿಯಾಯ್ತು. ಸೂಟ್‌ಕೇಸ್ ಹರಿದು ಹಾಲಿನ ತುಂಬ ಆಂಜೆಲಾಗೆ ಅಂತ ತಗೊಂಡಿದ್ದ ಮಗುವಿನ ಬಟ್ಟೆ. ಮುಟುವಾನ ಕುತ್ತಿಗೆಯನ್ನ ಗೇಟಿನಲ್ಲೇ ಕೊಯ್ದು ಬಿಟ್ಟಿದ್ದರು. ಅವನಿಗೂ ಮನೆಯಲ್ಲಿ ಮಕ್ಕಳಿದ್ದವು.

ಬೇಲಿ ಮುಳ್ಳಿಗೆ ಸೀರೆ ಹರ್ಕೊಂಡು, ಬರಿಗಾಲಲ್ಲಿ ಮೇರಿ ಬಾಯಿ ನಮ್ಮ ಬಾಗಿಲಿಗೆ ಬಂದು ಬಿದ್ದಳು, ಹಿಂದೆ ಜಾಯ್ಸನ್. ಇಬ್ಬರನ್ನೂ ಸ್ಟೋರ್ ರೂಮಿನಲ್ಲಿ ಅಕ್ಕಿ ಚೀಲದ ಹಿಂದೆ ತಳ್ಳಿ ಬಾಗಿಲು ಹಾಕಿದೆ. ಬೇಲಿಯಾಚೆ ಬೂಟುಗಳು ಮನೆಯೆಲ್ಲ ಹುಡುಕಿದವು. ಪಾತ್ರೆ ಬಿದ್ದವು, ಮಂಚ ಉರುಳಿತು. ದೂರದಲ್ಲಿ ಸೈರನ್ ಕೇಳೋ ತನಕ ಹುಡುಕಿದರು. ಆಮೇಲೆ ಗಾಡಿ ಹೊರಟಿತು. ಅಲ್ಲೀ ತನಕ ನಮ್ಮೆಜಮಾನರು, ಈ ಮಹಾಬಲೇಶ್ವರ ಮಹಾಶಯರು, ಏನು ಮಾಡ್ತಿದ್ದರು ಗೊತ್ತಾ? ನಿಂತಲ್ಲೇ ವಿಷ್ಣು ಸಹಸ್ರನಾಮ. ನಗಬೇಡಿ, ನಾನೂ ಅದನ್ನೇ ಹೇಳ್ತಿದ್ದೆ.

ಬೆಳಗಾಯ್ತು. ವಿಮಾನ ಹೋಗಿತ್ತು. ಜಾಯ್ಸನ್ ಮುಖ ತೊಳ್ಕೊಂಡು, ಅಂಕಲ್, ಒಂದು ಬಿಳೀ ಶರ್ಟು ಕೊಡಿ ಅಂತ ಇವರನ್ನ ಕೇಳಿದ. ಇವರು ಶರ್ಟು ತಾವೇ ಇಸ್ತ್ರಿ ಮಾಡಿ ಕೊಟ್ಟರು. ತಮ್ಮ ಆಫೀಸಿನ ಗಾಡಿಯಲ್ಲೇ ಕೂರಿಸ್ಕೊಂಡು ಹೋದರು, ಅಂತರರಾಷ್ಟ್ರೀಯ ಸಂಸ್ಥೆಯ ನಂಬರ್ ಪ್ಲೇಟು, ದಾರಿಯಲ್ಲಿ ಯಾರೂ ತಡೆಯಲ್ಲ ಅಂತ. ಇವರ ಮೇಲೆ ನನಗೆ ಎಷ್ಟೇ ಕೋಪ ಇರಲಿ, ಆ ಒಂದು ದಿನಕ್ಕೆ ಎಲ್ಲ ಮಾಫಿ.

ಕೋರ್ಟಿನಲ್ಲಿ ಹೆಸರು ಕೂಗಿದ್ದು ಹೊಸಬಳು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದೇ ಸಲ ಕೂಗಿದಳು. ಇವನು ಮೊದಲನೇ ಕೂಗಿಗೇ ಎದ್ದು ನಿಂತ. ಹುಟ್ಟಿದಾಗಿಂದ ಮೊದಲನೇ ಸಲ. ಕಟಕಟೆಯಲ್ಲಿ ಕೂತ ಕೋಟಿನವನಿಗೆ ರಾತ್ರಿಯೇ ಕೆಲಸ ಮುಗೀತು ಅಂತ ಯಾರೋ ಹೇಳಿರಬೇಕು. ಇವನನ್ನ ನೋಡಿದ್ದೇ ಅವನ ಮುಖದಲ್ಲಿ ಬಣ್ಣ ಹೋಯ್ತು, ಅಲ್ವೇನ್ರಿ? ಹೂಂ ಅನ್ನಿ, ನೀವೇ ನೋಡಿದ್ದು. ಜಾಯ್ಸನ್ ಬೆರಳು ಚಾಚಿ ತೋರಿಸಿದ, ಇವನೇ ಅಂತ. ಬಂದೂಕಿನವನು ತನ್ನ ಪೂರ್ತಿ ಹೆಸರು ಕೇಳಿದ್ದನ್ನ ಹೇಳಿದ, ಹಸಿರು ಬಟ್ಟೆಯ ಮೀನಿನ ವಿಷಯ ಹೇಳಿದ. ಮ್ಜೀ ಎಲೈಜಾರ ಕೊನೇ ಮಾತು ಹೇಳೋವಾಗ ಮಾತ್ರ ಅತ್ತುಬಿಟ್ಟ. ಕೋಟಿನವನು ಜೈಲಿಗೆ ಹೋದ. ಕಾಡಿನವರಲ್ಲಿ ಕೆಲವರು ಸಿಕ್ಕರು, ಕೆಲವರು ಸಿಗಲೇ ಇಲ್ಲ.

ಆಮೇಲೆ ಪಿಂಟೊ ಮನೆಯವರು ಊರಿಗೆ ಹೋದರು. ಮೇರಿ ಬಾಯಿಗೆ ಆಗಾಗ ಫೋನ್ ಮಾಡ್ತೀನಿ. ಮೊಮ್ಮಗಳು ಅಜ್ಜೀ ಅಂತ ಒಂದು ಸಲ ಕರೆದರೆ ಸಾಕಂತೆ, ಬಂದೆ ಬಂದೆ ಅಂತ ಓಡ್ತಾಳಂತೆ ಈಗ. ಆ ಕೂಗೂ ಮತ್ತೆ ಯಾರಿಗೂ ಕೇಳಿಸಿಲ್ಲ.

ಮನೆ ಖಾಲಿ ಬಿತ್ತು. ಅಸ್ಕರಿ ಸತ್ತ ಮನೆಗೆ, ಗುಂಡು ಬಿದ್ದ ಮನೆಗೆ ಯಾರು ಬರ್ತಾರೆ? ಓನರ್ ಬಾಡಿಗೆ ಇಳಿಸಿದ. ನಮ್ಮ ಹಳೇ ಮನೆಯಲ್ಲಿ ನೀರಿನ ತೊಂದರೆ ಬೇರೆ ಇತ್ತು. ಇಲ್ಲಿ ಅಡುಗೆಮನೆಯೂ ದೊಡ್ಡದು...

ಹೂಂ ಪ್ರಿಯಂವದಾ. ಇದೇ ಮನೆ. ಯಾಕೆ ಕಾಲು ಮೇಲೆ ತಗೊಂಡೆ? ಮೂರು ವರ್ಷದಿಂದ ಇದ್ದೀವಿ, ಏನೂ ಆಗಿಲ್ಲ. ಮುಂಬಾಗಿಲು ಹೊಸದು, ನೀವು ನೋಡಿದ್ದೀರಲ್ಲ.

ಆ ಮೇಣದಬತ್ತಿ ತಗೊಂಡು ಬಾ ಅಮಿತ್, ಅಡುಗೆಮನೆಗೆ. ಹಿಂಬಾಗಿಲ ಚೌಕಟ್ಟು ನೋಡು, ನಿನ್ನ ಭುಜದಷ್ಟು ಎತ್ತರಕ್ಕೆ. ಬೆರಳಿಡು. ಎರಡು ತಗ್ಗು ಸಿಕ್ತಾ, ಪಕ್ಕಪಕ್ಕದಲ್ಲಿ, ದುಂಡಗೆ, ಹೆಬ್ಬೆರಳು ಕೂರೋಷ್ಟು? ಬಣ್ಣ ಹೊಡೆಸಿದ್ದೀವಿ, ಆದರೂ ಕೈಗೆ ಸಿಗುತ್ತೆ. ಆ ಬೆಳಿಗ್ಗೆ ಮೇರಿ ಬಾಯಿಯ ಚಪ್ಪಲಿ ತರೋಕೆ ಅಂತ ನಾನೇ ಬಂದಾಗ ನೋಡಿದ್ದು, ಮರದ ಸಿಬರು ಆಗಷ್ಟೇ ಉದುರಿದ ಹಾಗೆ ನೆಲದ ಮೇಲೆ ಬಿದ್ದಿತ್ತು. ಫ್ರಿಜ್ ತಾಗಿರಬಹುದು ಅಂತೀಯ? ಫ್ರಿಜ್ ಯಾವತ್ತೂ ಆ ಗೋಡೆಗೆ ಇಟ್ಟಿಲ್ಲ. ಮನೆ ಹುಡುಕಿದವರು ಕುಟ್ಟಿದ್ದು ಅಂತೀಯ? ಅವರು ಕುಟ್ಟಿ ಹೆಸರು ಕರೆದು ಹೋಗೋಕೆ ಬಂದವರಲ್ಲಪ್ಪ. ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ. ಚಿಲಕ ಹಾಕಿದ್ದು ಮೇರಿ ಬಾಯಿ, ತೆಗೆದಿದ್ದು ಜಾಯ್ಸನ್. ಅದರ ಮಧ್ಯೆ ಆ ಬಾಗಿಲು ತೆರೆದಿಲ್ಲ. ಹೊರಗಡೆ ಹೋಗಿ ಹುಡುಕಬೇಡ, ಅಲ್ಲಿ ಏನೂ ಇಲ್ಲ. ತಗ್ಗು ಇರೋದು ಒಳಗಡೆ.